ಸೌತೆಕಾಯಿ ಕೇಕು: ನೀರಿನ ಲೆಕ್ಕ

ಕೇಳುಗರಿಗೆ ನಮಸ್ಕಾರ. ಸೌತೆಕಾಯಿ ಅಂದರೆ ಕೋಸಂಬರಿ, ಮೊಸರುಬಜ್ಜಿ. ಅದನ್ನು ಬೆಲ್ಲಕ್ಕೆ ಹಾಕಿ ಕೇಕು ಮಾಡುತ್ತಾರೆ ಅಂದರೆ ಘಟ್ಟದ ಮೇಲಿನವರು ಹುಬ್ಬೇರಿಸಬಹುದು. ಕಾರವಾರದ ಕಡೆ, ಗೋವೆಯ ಕಡೆ ಕೊಂಕಣಿ ಮನೆಗಳಲ್ಲಿ ಇದು ಹಳೆಯ ತಿಂಡಿ, ಹೆಸರು ತವಸಳಿ. ತವಸೆ ಎಂದರೆ ಸೌತೆಕಾಯಿ. ಓವನ್ ಇಲ್ಲದಾಗ ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದರು. ಮೊಟ್ಟೆಯೂ ಬೇಡ, ಮೈದಾವೂ ಬೇಡ.

ಚೆನ್ನಾಗಿ ಬಲಿತು, ಸಿಪ್ಪೆ ಹಳದಿಗೆ ತಿರುಗಿದ ದಪ್ಪ ಸೌತೆಕಾಯಿ ತನ್ನಿ. ತೊಟ್ಟಿನ ಕಡೆಯ ಒಂದು ಚೂರನ್ನು ಮೊದಲು ಬಾಯಿಗೆ ಹಾಕಿ ನೋಡಿ. ಕಹಿ ಹೆಚ್ಚು ಸೇರುವುದು ಅಲ್ಲೇ. ಕಹಿ ಇದ್ದರೆ ಆ ಕಾಯಿಯನ್ನೇ ಬಿಟ್ಟುಬಿಡಿ. ಬೇಯಿಸಿದರೆ ಹೋಗುವ ಕಹಿ ಅದಲ್ಲ, ಬೆಲ್ಲ ಸುರಿದರೂ ಮುಚ್ಚುವುದಿಲ್ಲ, ಹೊಟ್ಟೆಯೂ ಕೆಡಬಹುದು.

ಸಿಪ್ಪೆ, ಬೀಜ ತೆಗೆದು ತುರಿದಾಗ 400 ಗ್ರಾಂ ತುರಿ ಬೇಕು. ಬಾಂಬೆ ರವೆ 250 ಗ್ರಾಂ, ಬೆಲ್ಲ 200 ಗ್ರಾಂ, ತೆಂಗಿನತುರಿ ಒಂದು ಕಪ್, ತುಪ್ಪ ಮೂರು ದೊಡ್ಡ ಚಮಚ, ನಾಲ್ಕು ಏಲಕ್ಕಿಯ ಪುಡಿ, ಕಾಲು ಚಮಚ ಉಪ್ಪು. ಹಳೆಯ ಕ್ರಮದಲ್ಲಿ ಬೇಕಿಂಗ್ ಪೌಡರ್ ಇಲ್ಲ. ಮೊದಲ ಸಲ ಮಾಡುವವರು ಒಂದು ಚಹಾ ಚಮಚ ಹಾಕಿಕೊಂಡರೆ ಕೇಕು ಹಗುರಾಗುತ್ತದೆ.

ಇನ್ನು ನೀರಿನ ಮಾತು. ಸೌತೆಕಾಯಿಯ ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ. ಹಾಗಾಗಿ ಈ ಹಿಟ್ಟಿಗೆ ಹೊರಗಿನಿಂದ ಒಂದು ಹನಿ ನೀರೂ ಬೇಡ, ಹಾಲೂ ಬೇಡ. ತುರಿಯನ್ನು ಹಿಂಡಿ ರಸ ಬೇರೆ ಮಾಡಿ. ಆ ರಸದಲ್ಲೇ ಬೆಲ್ಲ ಕರಗಿಸಿ, ಸೋಸಿ. ಬೆಲ್ಲದ ಮರಳೂ ಕಸವೂ ಅಲ್ಲಿಗೆ ಹೋಯಿತು. ಸೋಸಿದ್ದು ಉಗುರುಬೆಚ್ಚಗಾಗಲಿ. ಕುದಿಯುವುದಕ್ಕೇ ರವೆ ಹಾಕಿದರೆ ಹೊರಮೈ ಥಟ್ಟನೆ ಬೆಂದು ಗಂಟುಕಟ್ಟುತ್ತದೆ.

ಅಷ್ಟರಲ್ಲಿ ಎರಡು ಚಮಚ ತುಪ್ಪದಲ್ಲಿ ರವೆಯನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿಯಿರಿ, ಕೆಂಪಾಗುವುದು ಬೇಡ. ರವೆ, ಹಿಂಡಿದ ತುರಿ, ಬೆಲ್ಲದ ರಸ, ತೆಂಗಿನತುರಿ, ಏಲಕ್ಕಿ, ಉಪ್ಪು ಎಲ್ಲ ಕಲಸಿ ಅರ್ಧ ಗಂಟೆ ಮುಚ್ಚಿಡಿ. ಈ ಅರ್ಧ ಗಂಟೆಯನ್ನು ಯಾರೂ ಉಳಿಸಲು ಹೋಗಬೇಡಿ. ರವೆ ನೀರು ಕುಡಿದು ಉಬ್ಬಬೇಕು. ಇಲ್ಲದಿದ್ದರೆ ಮೇಲೆ ಕೆಂಪು, ಒಳಗೆ ಹಲ್ಲಿಗೆ ಸಿಗುವ ಹಸಿ ರವೆ. ನೆನೆದ ಮೇಲೆ ಹಿಟ್ಟು ಇಡ್ಲಿ ಹಿಟ್ಟಿನಷ್ಟು ಗಟ್ಟಿ ಇರಬೇಕು. ತೆಳ್ಳಗೆ ಕಂಡರೆ ಎರಡು ಚಮಚ ಹುರಿದ ರವೆ ಸೇರಿಸಿ ಇನ್ನೂ ಹತ್ತು ನಿಮಿಷ ಕಾಯಿರಿ. ಬೇಕಿಂಗ್ ಪೌಡರ್ ಕೊನೆಗೆ, ತಟ್ಟೆಗೆ ಸುರಿಯುವ ಮುಂಚೆಯಷ್ಟೇ. ತೇವ ತಾಗಿದೊಡನೆ ಅದರ ಕೆಲಸ ಶುರುವಾಗಿಬಿಡುತ್ತದೆ.

ಎಂಟು ಇಂಚಿನ ತಟ್ಟೆಗೆ ಉಳಿದ ತುಪ್ಪ ಸವರಿ, ಬಾಡಿಸಿದ ಬಾಳೆಲೆ ಹಾಸಿ. ಹಿಟ್ಟಿನ ಎತ್ತರ ಒಂದೂವರೆ ಇಂಚು ದಾಟದಿರಲಿ, ದಾಟಿದರೆ ನಡುಭಾಗ ಬೇಯದು. ಮೊದಲೇ ಕಾಯಿಸಿದ ಓವನ್‌ನಲ್ಲಿ 180 ಡಿಗ್ರಿಗೆ 45ರಿಂದ 55 ನಿಮಿಷ. ಮೇಲ್ಭಾಗ ಬೇಗ ಕಪ್ಪಾಗುತ್ತಿದ್ದರೆ ಫಾಯಿಲ್ ಮುಚ್ಚಿ. ಓವನ್ ಇಲ್ಲವೇ? ದಪ್ಪ ತಳದ ಪಾತ್ರೆಗೆ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ. ಬಣ್ಣ ಕಡಿಮೆ ಬರುತ್ತದೆ, ರುಚಿಗೆ ಮೋಸವಿಲ್ಲ.

ಕಡ್ಡಿ ಚುಚ್ಚಿ ನೋಡುವುದಾದರೆ ನಡುವೆ ಚುಚ್ಚಿ. ಪೂರ್ತಿ ಒಣಗಿ ಬರುವುದಿಲ್ಲ, ಒಂದೆರಡು ತೇವದ ಹುಡಿ ಅಂಟಿದರೆ ಸರಿ. ಹಸಿ ಹಿಟ್ಟು ಅಂಟಿದರೆ ಇನ್ನೂ ಹತ್ತು ನಿಮಿಷ.

ಬಿಸಿಬಿಸಿ ಕತ್ತರಿಸುವ ಆಸೆ ಬೇಡ, ಪುಡಿಪುಡಿಯಾಗುತ್ತದೆ. ರವೆಯ ಪಿಷ್ಟ ಆರುತ್ತ ಹೋದಂತೆ ಗಟ್ಟಿಯಾಗುವುದರಿಂದ ತಟ್ಟೆಯಲ್ಲೇ ಒಂದು ಗಂಟೆ ಬಿಡಿ. ತೆಂಗಿನಕಾಯಿ, ತೇವ ಎರಡೂ ಇರುವುದರಿಂದ ಹೊರಗೆ ಒಂದೇ ದಿನ, ಫ್ರಿಜ್‌ನಲ್ಲಿ ಮೂರು ದಿನ. ಮರುದಿನದ ತುಂಡನ್ನು ಕಾವಲಿಯ ಮೇಲೆ ತುಪ್ಪದಲ್ಲಿ ಎರಡೂ ಬದಿ ಬಿಸಿಮಾಡಿ ತಿನ್ನಿ. ನನ್ನನ್ನು ಕೇಳಿದರೆ ಮೊದಲ ದಿನದ್ದಕ್ಕಿಂತ ಅದೇ ವಾಸಿ. ನಮಸ್ಕಾರ.