ಅಂಗದಾನದ ರಜೆ ಮತ್ತು ವೈದ್ಯರ ಪತ್ರ

ಕೇಳುಗರಿಗೆ ನಮಸ್ಕಾರ.

ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕೆಲಸ ಮಾಡುವವರು ಸ್ವಲ್ಪ ಕಿವಿಗೊಡಿ. ಅದರಲ್ಲೂ ಮನೆಯವರಿಗೆ ಮೂತ್ರಪಿಂಡವನ್ನೋ ಯಕೃತ್ತಿನ ಭಾಗವನ್ನೋ ಕೊಟ್ಟವರು, ಕೊಡಲು ಹೊರಟವರು. ನಿಮಗೆ 42 ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆ ಇದೆ. ಮೊದಲು 30 ದಿನ ಇತ್ತು; 2023ರ ಏಪ್ರಿಲ್‌ನಲ್ಲಿ ಸಿಬ್ಬಂದಿ ಮತ್ತು ತರಬೇತಿ ಇಲಾಖೆ ಅದನ್ನು ಹೆಚ್ಚಿಸಿತು. ನಿಮ್ಮ ಗಳಿಕೆ ರಜೆಗೆ ಕೈ ಹಾಕುವ ಅಗತ್ಯವೇ ಇಲ್ಲ.

ಆದರೂ ದೂರು ಬರುತ್ತಲೇ ಇರುತ್ತವೆ. ರಜೆ ಸಿಗಲಿಲ್ಲ, ಕಡಿಮೆ ಕೊಟ್ಟರು, ಗಳಿಕೆ ರಜೆಯಲ್ಲಿ ಮುರಿದುಕೊಂಡರು ಅಂತ. ಸಿಬ್ಬಂದಿ ವಿಭಾಗದಲ್ಲಿ ಇಂಥ ಕಡತಗಳ ಮಧ್ಯೆಯೇ ಕೆಲಸ ಮಾಡಿದವನು ನಾನು. ದೂರು ಬಂದಾಗ ಮೊದಲು ಹುಡುಕುವುದು ಒಂದೇ ಕಾಗದ: ವೈದ್ಯರ ಶಿಫಾರಸು ಪತ್ರ. ಅದು ಇದ್ದರೆ ಕಡತ ಮುಂದೆ ಹೋಗುತ್ತದೆ. ಇಲ್ಲದಿದ್ದರೆ ವಾಪಸ್ ಬರುತ್ತದೆ.

ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ತಮ್ಮನಿಗೆ ಮೂತ್ರಪಿಂಡ ಕೊಟ್ಟಾಕೆ. ಶಸ್ತ್ರಚಿಕಿತ್ಸೆಗೆ ಐದು ದಿನ ಮುಂಚೆಯೇ ಪರೀಕ್ಷೆಗಳಿಗಾಗಿ ರಜೆ ಹಾಕಿದ್ದರು. ಕಚೇರಿಯವರು ಆ ಐದು ದಿನವನ್ನು ಗಳಿಕೆ ರಜೆ ಅಂತ ಬರೆದುಬಿಟ್ಟರು. ಆಕೆಗೆ ಸಂಕಟವಾಯಿತು, ಆಗದೆ ಇರುತ್ತದೆಯೇ? ನಾಲ್ಕು ಪುಟದ ದೂರು ಬರೆದರು. ತಮ್ಮನ ಡಯಾಲಿಸಿಸ್, ಮನೆಯ ಕಷ್ಟ, ಮೇಲಧಿಕಾರಿ ಆಡಿದ ಮಾತು, ಎಲ್ಲ ಇತ್ತು. ಓದಿದರೆ ಕಣ್ಣು ತುಂಬುತ್ತಿತ್ತು. ಆದರೆ ಆಸ್ಪತ್ರೆಗೆ ಸೇರಿದ ದಿನ ಯಾವುದು, ಶಸ್ತ್ರಚಿಕಿತ್ಸೆ ಯಾವತ್ತು ಆಯಿತು, ಮುಂಚಿನ ರಜೆ ಬೇಕೆಂದು ವೈದ್ಯರು ಹೇಳಿದ್ದರೇ? ನಾಲ್ಕು ಪುಟ ತಿರುವಿದರೂ ಸಿಗಲಿಲ್ಲ. ದೂರು ವಾಪಸ್ ಬಂತು.

ನಿಯಮ ನೋಡಿ. ರಜೆ ಶುರುವಾಗುವುದು ಆಸ್ಪತ್ರೆಗೆ ಸೇರಿದ ದಿನದಿಂದ, ಸಾಮಾನ್ಯವಾಗಿ ಒಂದೇ ಕಂತಿನಲ್ಲಿ. ಶಸ್ತ್ರಚಿಕಿತ್ಸೆಗೆ ಹೆಚ್ಚೆಂದರೆ ಒಂದು ವಾರ ಮುಂಚಿನಿಂದ ಬೇಕಾದರೆ ವೈದ್ಯರ ಶಿಫಾರಸು ಬೇಕು. ರಜೆಯನ್ನು ಬಿಡಿಬಿಡಿಯಾಗಿ ತೆಗೆದುಕೊಳ್ಳುವುದಕ್ಕೂ ವೈದ್ಯರ ಶಿಫಾರಸು ಬೇಕು. ಆಕೆ ಮತ್ತೆ ಆಸ್ಪತ್ರೆಗೆ ಹೋಗಿ ಎರಡು ಸಾಲಿನ ಪತ್ರ ತಂದರು: ಇಂಥ ತಾರೀಖಿನಿಂದ ಪೂರ್ವಸಿದ್ಧತೆಗೆ ರಜೆ ಅಗತ್ಯವಿತ್ತು ಎಂದು. ಐದು ದಿನವೂ ಆಕೆಯ ಗಳಿಕೆ ರಜೆಯ ಖಾತೆಗೆ ಮರಳಿ ಜಮೆಯಾಯಿತು. ಆ ಎರಡು ಸಾಲು ಮೊದಲೇ ಇದ್ದಿದ್ದರೆ, ಹೊಟ್ಟೆಯ ಹೊಲಿಗೆ ಮಾಯುವ ಮೊದಲೇ ಆಕೆ ಕಚೇರಿಗೂ ಆಸ್ಪತ್ರೆಗೂ ಓಡಾಡಬೇಕಿತ್ತೇ?

ಅದಕ್ಕೇ ಮತ್ತೆ ಹೇಳುತ್ತೇನೆ, ಪತ್ರ ತೆಗೆದುಕೊಳ್ಳಿ. ಬಾಯಿಮಾತಿನಲ್ಲಿ ಡಾಕ್ಟರು ಹೇಳಿದರು ಅಂದರೆ ಕಡತದಲ್ಲಿ ಅದಕ್ಕೆ ಜಾಗವಿಲ್ಲ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಪತ್ರದ ಜೊತೆಗೆ ಇನ್ನೆರಡು ವಿಷಯ ನೋಡುತ್ತಾರೆ. ನಿಮಗೆ 1972ರ ಕೇಂದ್ರ ನಾಗರಿಕ ಸೇವಾ ರಜೆ ನಿಯಮಗಳು ಅನ್ವಯಿಸುತ್ತವೆಯೇ? ದಾನಕ್ಕೆ 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಒಪ್ಪಿಗೆ ಸಿಕ್ಕಿತ್ತೇ?

ದೂರನ್ನು ಮೊದಲು ನಿಮ್ಮ ಕಚೇರಿ ಮುಖ್ಯಸ್ಥರಿಗೇ ಕೊಡಿ, ಸ್ವೀಕೃತಿ ಪಡೆಯಿರಿ. ನೇರವಾಗಿ ಸಿಪಿಗ್ರಾಮ್ಸ್, ಅಂದರೆ ಕೇಂದ್ರ ಸರ್ಕಾರದ ಆನ್‌ಲೈನ್ ಕುಂದುಕೊರತೆ ಪೋರ್ಟಲಿಗೆ ಹಾಕಬೇಡಿ. ಇಲಾಖೆಯೊಳಗಿನ ದಾರಿ ಮುಗಿಸದ ನೌಕರರ ಸೇವಾ ದೂರುಗಳನ್ನು ಅಲ್ಲಿ ಪರಿಗಣಿಸುವುದಿಲ್ಲ. ಕಚೇರಿಗೆ ಕೊಟ್ಟ ಮನವಿಗೆ ಆರು ತಿಂಗಳಾದರೂ ಉತ್ತರ ಬರದಿದ್ದರೆ, ಅದರ ಮುಂದಿನ ಒಂದು ವರ್ಷದೊಳಗೆ ಕೇಂದ್ರ ನೌಕರರ ಸೇವಾ ವ್ಯಾಜ್ಯ ಕೇಳುವ ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು. ಬೆಂಗಳೂರಿನಲ್ಲಿಯೇ ಅದರ ಪೀಠವಿದೆ. ಅಲ್ಲಿಗೆ ಹೋಗುವಾಗಲೂ ವೈದ್ಯರ ಪತ್ರ ಮೇಲೆಯೇ ಇರಲಿ.

ನಮಸ್ಕಾರ.