199 ಎಂಬ ಲೆಕ್ಕ: 1963ರ ಕಾರ್ವೆಟ್‌ನ ಮೂಲ ಹುಡುಕುತ್ತಾ

ಕೇಳುಗರಿಗೆ ನಮಸ್ಕಾರ.

ನಾನು ಚಿಕ್ಕವನಿದ್ದಾಗ ಅಪ್ಪ ಒಂದು ಹಳೆಯ ಸ್ಕೂಟರ್ ಕೊಂಡರು. ಹೆಸರು ಬದಲಾಯಿಸಲು ಆರ್‌ಟಿಓ ಕಚೇರಿಗೆ ಹೋದಾಗ ನಾನೂ ಜೊತೆಗಿದ್ದೆ. ಅಲ್ಲಿ ಒಬ್ಬರು ಸ್ಕೂಟರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಚಾಸಿ ನಂಬರ್ ಇರುವ ಜಾಗವನ್ನು ಬಟ್ಟೆಯಿಂದ ಒರೆಸಿದರು. ಅದರ ಮೇಲೆ ತೆಳ್ಳನೆಯ ಕಾಗದ ಇಟ್ಟು, ಪೆನ್ಸಿಲ್ ಅಡ್ಡ ಹಿಡಿದು ಮೆಲ್ಲಗೆ ಉಜ್ಜಿದರು. ನೋಡನೋಡುತ್ತಿದ್ದಂತೆ ಕಾಗದದ ಮೇಲೆ ಅಂಕಿಗಳು ಒಂದೊಂದಾಗಿ ಎದ್ದು ಬಂದವು. ಆರ್‌ಸಿ ಪುಸ್ತಕದ ಜೊತೆ ತಾಳೆ ನೋಡಿ, 'ಸರಿ ಇದೆ' ಅಂದರು. ಅಷ್ಟೇ. ಗಾಡಿ ಹೇಳಿದ್ದೂ ಪುಸ್ತಕ ಹೇಳಿದ್ದೂ ಒಂದೇ ಆಗಿತ್ತು.

ಇವತ್ತು ನಾನು ಹೇಳಹೊರಟಿರುವ ಕಾರಿಗೆ ತಾಳೆ ನೋಡಲು ಅಂಥ ಪುಸ್ತಕವೇ ಇಲ್ಲ. ಅದು ಅಮೆರಿಕದ ಷೆವ್ರೊಲೆ ಕಂಪನಿಯ ಕಾರ್ವೆಟ್, 1963ರ ಮಾಡೆಲ್. 'ಸ್ಟಿಂಗ್ ರೇ' ಎಂದು ಹೆಸರಾದದ್ದು. ಚಿತ್ರದಲ್ಲಿ ನೀವು ನೋಡಿರಬಹುದು. ಗಟ್ಟಿ ಚಾವಣಿಯ ಕಾರಿನಲ್ಲಿ ಹಿಂದಿನ ಗಾಜು ಒಂದಲ್ಲ, ಎರಡು. ನಡುವೆ ಮೀನಿನ ಬೆನ್ನೆಲುಬಿನ ಹಾಗೆ ಒಂದು ಪಟ್ಟಿ, ಚಾವಣಿಯಿಂದ ಬಾಲದವರೆಗೆ ಇಳಿದಿರುತ್ತದೆ. ಆ ಎರಡು ಗಾಜಿನ ಕಾರು ಬಂದದ್ದು ಆ ಒಂದೇ ವರ್ಷ.

ಈ ಕಾರು ಎಷ್ಟು ತಯಾರಾಯಿತು, ಯಾವ ಯಾವ ಆಪ್ಷನ್‌ಗಳ ಜೊತೆ, ಅಂದರೆ ಗಿರಾಕಿ ಬೇಕೆಂದು ಕೇಳಿ ಹಾಕಿಸಿಕೊಂಡ ಸವಲತ್ತುಗಳ ಜೊತೆ, ಕಾರ್ಖಾನೆಯಿಂದ ಹೊರಬಂತು ಎಂದು ಹುಡುಕುವ ಕೆಲಸದಲ್ಲಿ ನಾನು ವರ್ಷಗಟ್ಟಲೆ ಮುಳುಗಿದ್ದೇನೆ. ಅದರಲ್ಲಿ ಕಂಡದ್ದನ್ನು ಹೇಳುತ್ತೇನೆ.

ಮೊದಲು ಒಟ್ಟು ಲೆಕ್ಕ. ಆ ಮಾಡೆಲ್ ವರ್ಷದಲ್ಲಿ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಕಾರ್ಖಾನೆಯಲ್ಲಿ ತಯಾರಾದ ಕಾರ್ವೆಟ್‌ಗಳು 21,513. ಇಲ್ಲಿ ಒಂದು ಮಾತು. ಮಾಡೆಲ್ ವರ್ಷ ಬೇರೆ, ಕ್ಯಾಲೆಂಡರ್ ವರ್ಷ ಬೇರೆ. 1963ರ ಕಾರುಗಳು 1962ರಲ್ಲೇ ಮಾರಾಟಕ್ಕೆ ಬಂದಿದ್ದವು. ಹುಡುಕಾಟ ಶುರು ಮಾಡುವವರು ಮೊದಲು ಎಡವುವುದೇ ಇಲ್ಲಿ. ಒಂದು ಪಟ್ಟಿ ಮಾಡೆಲ್ ವರ್ಷದ್ದು, ಇನ್ನೊಂದು ಕ್ಯಾಲೆಂಡರ್ ವರ್ಷದ್ದು. ಎರಡನ್ನೂ ಪಕ್ಕದಲ್ಲಿಟ್ಟು 'ಲೆಕ್ಕ ತಪ್ಪಿದೆ' ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

ಈ 21,513 ನಂಬಬಹುದಾದ ಅಂಕಿಯೇ? ಒರೆಗೆ ಹಚ್ಚಿ ನೋಡೋಣ. ಬೇಕಾದವರು ಬರೆದುಕೊಳ್ಳಿ. ಮೇಲ್ಚಾವಣಿ ಇರುವ ಕೂಪೆ 10,594. ಚಾವಣಿ ಮಡಚುವ ಕನ್ವರ್ಟಿಬಲ್ 10,919. ಕೂಡಿ ನೋಡಿ, 21,513. ಇನ್ನು ಎಂಜಿನ್. ಎಲ್ಲದಕ್ಕೂ 327 ಘನ ಇಂಚಿನ ವಿ8 ಎಂಜಿನ್. ಆದರೆ ಶಕ್ತಿಯಲ್ಲಿ ನಾಲ್ಕು ಬಗೆ. 250 ಅಶ್ವಶಕ್ತಿಯದು 3,892. 300ರದ್ದು 8,033. 340ರದ್ದು 6,978. ಕಾರ್ಬುರೇಟರ್ ಇಲ್ಲದೆ ಪೆಟ್ರೋಲ್ ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್ ಇದ್ದ 360 ಅಶ್ವಶಕ್ತಿಯದು 2,610. ಕೂಡಿದರೆ ಮತ್ತೆ 21,513. ಗೇರ್‌ಬಾಕ್ಸ್ ಲೆಕ್ಕವೂ ನೋಡಿ. ಮೂರು ಗೇರಿನದು 919, ನಾಲ್ಕು ಗೇರಿನದು 17,973, ಪವರ್‌ಗ್ಲೈಡ್ ಎಂಬ ಆಟೊಮ್ಯಾಟಿಕ್ 2,621. ಮತ್ತೆ ಅದೇ ಮೊತ್ತ. ಒಂದೂ ಆಚೀಚೆ ಇಲ್ಲ.

ಮೂರು ಕಡೆಯಿಂದ ಕೂಡಿದರೂ ಒಂದೇ ಮೊತ್ತ ಬಂದ ದಿನ ನನಗಾದ ಖುಷಿ ಇಂದಿಗೂ ನೆನಪಿದೆ. ಯಾರೋ ಗುಮಾಸ್ತರು ಅರವತ್ತು ವರ್ಷದ ಹಿಂದೆ ಒಂದು ಕಾರನ್ನೂ ಬಿಡದೆ ಎಣಿಸಿದ್ದರು, ಅಲ್ವಾ.

ಆಪ್ಷನ್‌ಗಳ ಲೆಕ್ಕ ಇನ್ನೂ ಸೊಗಸು. ಆ ವರ್ಷವೇ ಕಾರ್ವೆಟ್‌ಗೆ ಮೊದಲ ಬಾರಿಗೆ ಕಾರ್ಖಾನೆಯಲ್ಲೇ ಏಸಿ ಹಾಕಿಕೊಡಲು ಶುರು ಮಾಡಿದರು. ಹಾಕಿಸಿಕೊಂಡವರು 278 ಜನ ಮಾತ್ರ. ಪವರ್ ಸ್ಟೀರಿಂಗ್ 3,063. ಚರ್ಮದ ಸೀಟು 1,114. ಈ ಆಪ್ಷನ್‌ಗಳಿಗೆಲ್ಲ ಒಂದೊಂದು ಗುರುತು ಇರುತ್ತಿತ್ತು. ಹೆಚ್ಚಿನವಕ್ಕೆ ಒಂದು ಅಕ್ಷರ, ಎರಡು ಅಂಕಿ. ಏಸಿಗೆ ಸಿ60. ದೊಡ್ಡ ಪೆಟ್ರೋಲ್ ಟ್ಯಾಂಕಿಗೆ ಎನ್03. ಆ ಪಟ್ಟಿಯಲ್ಲಿ ಝಡ್06 ಎಂಬ ಗುರುತು ಒಂದಿದೆ. ಅದರ ಎದುರಿಗಿರುವ ಅಂಕಿ 199.

ಈ 199ರ ಬಳಿ ಸ್ವಲ್ಪ ಹೊತ್ತು ನಿಲ್ಲೋಣ.

1957ರಲ್ಲಿ ಅಮೆರಿಕದ ಕಾರು ತಯಾರಕರ ಸಂಘ ರೇಸಿನಿಂದ ದೂರ ಉಳಿಯುವ ತೀರ್ಮಾನ ಮಾಡಿತ್ತು. ಕಂಪನಿಗಳು ಬಹಿರಂಗವಾಗಿ ರೇಸ್ ಕಾರು ಕಟ್ಟುವಂತಿರಲಿಲ್ಲ. ಆದರೆ ಕಾರ್ವೆಟ್‌ನ ಎಂಜಿನಿಯರ್ ಝೋರಾ ಆರ್ಕಸ್ ಡಂಟೋವ್ ಅವರ ಮನಸ್ಸೆಲ್ಲ ರೇಸಿನಲ್ಲೇ. ಅವರಿಗೆ ಉಳಿದಿದ್ದ ದಾರಿ ಆಪ್ಷನ್ ಪಟ್ಟಿ. ಅದರಲ್ಲಿ ಒಂದು ಗುರುತು ಸೇರಿತು, ಝಡ್06. ಅದನ್ನು ಕೇಳಿ ಪಡೆದವರಿಗೆ ಸಿಗುತ್ತಿದ್ದದ್ದು ಗಟ್ಟಿ ಸ್ಪ್ರಿಂಗು, ಗಟ್ಟಿ ಷಾಕ್ ಅಬ್ಸಾರ್ಬರ್, ದೊಡ್ಡ ಸ್ಟೆಬಿಲೈಸರ್ ಬಾರ್. ಬಿಸಿ ಬೇಗ ಹೊರಹೋಗಲೆಂದು ಏಣುಗಳಿರುವ ಬ್ರೇಕ್ ಡ್ರಮ್ಮು. ಬ್ರೇಕಿಗೆ ಗಾಳಿ ಬಡಿಯುವಂತೆ ಮಾಡುವ ಏರ್ಪಾಟು. ಜೊತೆಗೆ 360 ಅಶ್ವಶಕ್ತಿಯ ಎಂಜಿನ್ನು, ನಾಲ್ಕು ಗೇರು ಕಡ್ಡಾಯ. ಮೊದಲಿಗೆ ದೊಡ್ಡ ಟ್ಯಾಂಕೂ ಇದರೊಳಗೇ ಸೇರಿತ್ತು. ಅದಕ್ಕೆ 36 ಗ್ಯಾಲನ್‌ಗೂ ಜಾಸ್ತಿ, ಅಂದರೆ 135 ಲೀಟರ್ ಮೀರಿ ಪೆಟ್ರೋಲ್ ಹಿಡಿಯುತ್ತಿತ್ತು. ಸೀಟಿನ ಹಿಂದಿನ ಸಾಮಾನಿನ ಜಾಗವನ್ನೆಲ್ಲ ಅದೇ ನುಂಗಿಬಿಡುತ್ತಿತ್ತು. ಕೂಪೆಯ ಬೆಲೆಯೇ 4,200 ಡಾಲರ್ ಚಿಲ್ಲರೆ. ಈ ಒಂದು ಗುರುತಿಗೆ ಮೇಲೆ 1,800 ಡಾಲರ್.

ಆಮೇಲೆ ಅದೇ ವರ್ಷದ ನಡುವೆ ಕಟ್ಟು ಬಿಚ್ಚಿದರು. ದೊಡ್ಡ ಟ್ಯಾಂಕು ಬೇರೆ ಆಪ್ಷನ್ ಆಯಿತು. ಅಂದರೆ ಝಡ್06 ಅಂದ ಮಾತ್ರಕ್ಕೆ ವರ್ಷದ ಮೊದಲಿನದೂ ಕೊನೆಯದೂ ಒಂದೇ ಅಲ್ಲ. ಗುರುತು ಅದೇ, ಒಳಗಿನ ಸಾಮಾನು ಬೇರೆ. ದೊಡ್ಡ ಟ್ಯಾಂಕಿನ ಎದುರಿಗೆ ಪಟ್ಟಿಯಲ್ಲಿ ಕಾಣುವ ಅಂಕಿ 63.

ಹಾಗೆಯೇ ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ವಸ್ತು ಸಿಕ್ಕಿತು ಎಂದಲ್ಲ. ನಡುವಿನ ಒಂದೇ ನಟ್ಟು ಬಡಿದು ಬಿಚ್ಚುವ ಅಲ್ಯೂಮಿನಿಯಂ ಚಕ್ರಗಳು ಆ ವರ್ಷದ ಪಟ್ಟಿಯಲ್ಲಿದ್ದವು. ಆದರೆ ಎರಕದಲ್ಲಿ ಸಣ್ಣ ಸಣ್ಣ ರಂಧ್ರ ಉಳಿದು ಗಾಳಿ ಸೋರುತ್ತಿತ್ತು. ಆ ವರ್ಷ ಕಾರ್ಖಾನೆಯಿಂದಲೇ ಇವನ್ನು ಹಾಕಿಕೊಂಡು ಹೊರಟ ಕಾರುಗಳಿದ್ದವೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಆದ್ದರಿಂದ ಮಾರಾಟದ ಕರಪತ್ರ ತೋರಿಸಿ 'ನೋಡಿ, ಇದರಲ್ಲಿದೆ' ಎನ್ನುವವರ ಮಾತನ್ನು ನಾನು ಸಾಕ್ಷಿಯೆಂದು ಒಪ್ಪುವುದಿಲ್ಲ. ಇನ್ನೊಂದು ಕಡೆ, 1953ರಲ್ಲಿ, ಮೊಟ್ಟಮೊದಲ 300 ಕಾರ್ವೆಟ್‌ಗಳು ಮಿಷಿಗನ್‌ನ ಫ್ಲಿಂಟ್‌ನಲ್ಲಿ ತಯಾರಾದವು. ಹೀಟರೂ ರೇಡಿಯೋವೂ ಆಪ್ಷನ್ ಎಂದು ಪಟ್ಟಿಯಲ್ಲಿ ಬರೆದಿತ್ತು. ಲೆಕ್ಕ ನೋಡಿದರೆ ಎರಡೂ 300 ಕಾರಿಗೂ ಇವೆ. ಬೇಡ ಎನ್ನುವ ಹಾಗೇ ಇರಲಿಲ್ಲ!

ಈಗ ಕಷ್ಟದ ಜಾಗಕ್ಕೆ ಬರುತ್ತೇನೆ. ಝಡ್06 ಕಾರುಗಳು 199. ಸರಿ. ಆ 199 ಯಾವುವು?

ಮದುವೆ ಮನೆಯಲ್ಲಿ ಎಷ್ಟು ಎಲೆ ಬಿತ್ತು ಎಂದು ಅಡುಗೆಯವರನ್ನು ಕೇಳಿದರೆ ಥಟ್ಟನೆ ಹೇಳುತ್ತಾರೆ. ಯಾರು ಯಾರು ಉಂಡರು ಎಂದು ಕೇಳಿದರೆ? ಅದನ್ನು ಅವರು ಬರೆದಿಟ್ಟಿರುವುದಿಲ್ಲ. ಅವರಿಗೆ ಬೇಕಾದದ್ದು ಎಲೆಯ ಲೆಕ್ಕ. ಇಲ್ಲಿ ಆಗಿರುವುದೂ ಅದೇ. ಒಟ್ಟು ಲೆಕ್ಕ ಉಳಿಯಿತು. ಈ ನಂಬರಿನ ಕಾರಿಗೆ ಇಂತಿಂಥ ಆಪ್ಷನ್ ಹಾಕಿದೆವು ಎಂಬ ಬಿಡಿ ದಾಖಲೆಯನ್ನು ಕಂಪನಿ ಉಳಿಸಲಿಲ್ಲ. ಷೆವ್ರೊಲೆಯ ಮಾತೃಸಂಸ್ಥೆ ಜನರಲ್ ಮೋಟಾರ್ಸ್‌ನದೇ ಇನ್ನೊಂದು ಬ್ರಾಂಡ್ ಆಗಿದ್ದ ಪಾಂಟಿಯಾಕ್ ಕಾರುಗಳ ಬಿಲ್ಲಿನ ಪ್ರತಿಗಳು ಉಳಿದಿವೆ. ಕೆನಡಾದಲ್ಲಿ ಮಾರಾಟವಾದ ಕಾರುಗಳ ದಾಖಲೆಯೂ ಉಳಿದಿದೆ. ಅಮೆರಿಕದಲ್ಲಿ ಮಾರಿದ ಕಾರ್ವೆಟ್‌ಗೆ ಆ ಭಾಗ್ಯ ಇಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಹಾಗಾದರೆ ಏನು ಮಾಡುವುದು? ಕಾರನ್ನೇ ಓದಬೇಕು.

1963ರ ಕಾರಿನಲ್ಲಿ ಚಾಸಿ ನಂಬರಿನ ತಗಡು ಗ್ಲೋವ್ ಬಾಕ್ಸಿನ ಕೆಳಗಿನ ಪಟ್ಟಿಯ ಮೇಲಿರುತ್ತದೆ. ಬಗ್ಗಿ, ಕತ್ತು ತಿರುಗಿಸಿ ನೋಡಬೇಕು. ಕೂಪೆ ಆದರೆ 30837 ಎಂದು ಶುರು. ಕನ್ವರ್ಟಿಬಲ್ ಆದರೆ 30867. ಆಮೇಲೆ ಎಸ್ ಅಕ್ಷರ, ಅದು ಸೇಂಟ್ ಲೂಯಿಸ್. ಆಮೇಲೆ ಸರಣಿ ಸಂಖ್ಯೆ. ಅದು 100001ರಿಂದ 121513ರವರೆಗೆ ಹೋಗುತ್ತದೆ. ಗಮನಿಸಿದಿರಾ? ಒಟ್ಟು ತಯಾರಿಕೆ ಸರಣಿಯ ಕೊನೆಯಲ್ಲೇ ಕೂತಿದೆ. ಆದರೆ ಈ ನಂಬರಿನಲ್ಲಿ ಎಂಜಿನ್ ಯಾವುದು, ಆಪ್ಷನ್ ಯಾವುದು ಎಂದು ಒಂದಕ್ಷರವೂ ಇಲ್ಲ. ಪಕ್ಕದಲ್ಲೇ ಇನ್ನೊಂದು ತಗಡು. ಅದರಲ್ಲಿ ಬಣ್ಣ, ಸೀಟಿನ ಹೊದಿಕೆಯ ಗುರುತು. ಎಂಜಿನ್ನಿನ ಮಾತು ಅದರಲ್ಲೂ ಇಲ್ಲ.

ಎಂಜಿನ್ ಏನೆಂದು ತಿಳಿಯಲು ಬಾನೆಟ್ ಎತ್ತಬೇಕು. ಬ್ಲಾಕಿನ ಮುಂಭಾಗದಲ್ಲಿ, ಬಲಗಡೆ ಸಿಲಿಂಡರ್ ಹೆಡ್ಡಿನ ಮುಂದೆ, ಹೆಬ್ಬೆಟ್ಟಿನಗಲದ ಒಂದು ಸಪಾಟು ಜಾಗ. ಎಣ್ಣೆ ಕೊಳೆ ಮೆತ್ತಿರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಒತ್ತಿದ ಅಕ್ಷರಗಳು ಕಾಣುತ್ತವೆ. ಮೊದಲು ಎಫ್, ಅಂದರೆ ಫ್ಲಿಂಟ್ ಎಂಜಿನ್ ಕಾರ್ಖಾನೆ. ಆಮೇಲೆ ತಿಂಗಳು, ದಿನ. ಕೊನೆಗೆ ಎರಡು ಅಕ್ಷರ. ಆರ್‌ಸಿ ಅಂದರೆ 250ರ ಎಂಜಿನ್, ಆರ್‌ಡಿ 300, ಆರ್‌ಈ 340, ಆರ್‌ಎಫ್ 360. ಇವು ಕ್ಲಚ್ ಗಾಡಿಗಳಿಗೆ. ಆಟೊಮ್ಯಾಟಿಕ್ ಆದರೆ ಎಸ್‌ಸಿ, ಎಸ್‌ಡಿ. ಅದೇ ಜಾಗದಲ್ಲಿ ಕಾರಿನ ಸರಣಿ ಸಂಖ್ಯೆಯನ್ನೂ ಒತ್ತಿರುತ್ತಾರೆ. ಬ್ಲಾಕಿನ ಹಿಂಭಾಗದಲ್ಲಿ ಎರಕ ಹೊಯ್ದ ತಾರೀಕು ಬೇರೆ ಇರುತ್ತದೆ. ಎರಕ ಮೊದಲು, ಎಂಜಿನ್ ಜೋಡಣೆ ಆಮೇಲೆ, ಕಾರು ಕೊನೆಗೆ. ಈ ಮೂರು ತಾರೀಕು ಸಾಲಾಗಿ ನಿಲ್ಲಬೇಕು. ಕಾರು ಫೆಬ್ರವರಿಯದು, ಎಂಜಿನ್ನು ಏಪ್ರಿಲ್ಲಿನದು ಎಂದಾದರೆ ಯಾರೋ ಎಂಜಿನ್ ಬದಲಾಯಿಸಿದ್ದಾರೆ ಎಂದೇ ಅರ್ಥ.

ಫ್ಯುಯೆಲ್ ಇಂಜೆಕ್ಷನ್ ವಿಷಯದಲ್ಲಂತೂ ಈ ಎರಡಕ್ಷರವೇ ಆಧಾರ. ಆ ಕಾಲದಲ್ಲಿ ಅದನ್ನು ಟ್ಯೂನ್ ಮಾಡಬಲ್ಲ ಮೆಕ್ಯಾನಿಕ್ ಸಿಗುವುದು ಕಷ್ಟವಾಗಿತ್ತು. ಎಷ್ಟೋ ಜನ ಬೇಸತ್ತು ಬಿಚ್ಚಿ ಹಾಕಿ, ಕಾರ್ಬುರೇಟರ್ ಕೂರಿಸಿಕೊಂಡರು. ಈಗ ಗಾಳಿ ತಿರುಗಿದೆ. ಕಾರ್ಬುರೇಟರ್ ಕಾರಿಗೇ ಇಂಜೆಕ್ಷನ್ ಘಟಕ ಕೂರಿಸಿ, ಮಡ್‌ಗಾರ್ಡಿಗೆ ಬ್ಯಾಡ್ಜ್ ಹಚ್ಚಿದ ಕಾರುಗಳೂ ಇವೆ. ಮೇಲೆ ಏನು ಕೂತಿದೆ ಎಂದು ನೋಡಿ ಮೋಸ ಹೋಗಬೇಡಿ. ಕೆಳಗೆ ಏನು ಒತ್ತಿದೆ ಎಂದು ನೋಡಿ.

ಒತ್ತಿದ್ದನ್ನೂ ಸುಮ್ನೆ ನಂಬುವ ಹಾಗಿಲ್ಲ. ಆ ಸಪಾಟು ಜಾಗವನ್ನು ಕಾರ್ಖಾನೆಯ ಯಂತ್ರ ಕೊರೆದಾಗ ಕೂದಲೆಳೆಯಂಥ ನೇರ ಗೆರೆಗಳು ಉಳಿಯುತ್ತವೆ. ಎಲ್ಲವೂ ಹಿಂದೆ ಮುಂದೆ, ಒಂದೇ ದಿಕ್ಕಿಗೆ. ಅಕ್ಷರಗಳು ಆ ಗೆರೆಗಳ ಮೇಲೆ ಬಿದ್ದಿರಬೇಕು. ಭೂತಗನ್ನಡಿ ಹಿಡಿದು, ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿದರೆ ಗೆರೆಗಳು ನವಣೆ ಹೊಲದ ಸಾಲಿನ ಹಾಗೆ ಕಾಣುತ್ತವೆ. ಗೆರೆ ಇಲ್ಲದೆ ನುಣ್ಣಗಿದ್ದರೆ, ಅಥವಾ ಗೆರೆ ಸುರುಳಿ ಸುತ್ತಿದ್ದರೆ, ಯಾರೋ ಉಜ್ಜಿದ್ದಾರೆ. ಇಲ್ಲಿ ಒಂದು ನ್ಯಾಯದ ಮಾತು ಹೇಳಲೇಬೇಕು. ಎಂಜಿನ್ ರಿಪೇರಿಗೆ ಬಿಚ್ಚಿದಾಗ ಬ್ಲಾಕಿನ ಮೇಲ್ಮೈಯನ್ನು ಸಾಣೆ ಹಿಡಿಯುವುದುಂಟು. ಆಗ ನಂಬರ್ ಅಳಿಸಿ ಹೋಗುತ್ತದೆ. ಅದರಲ್ಲಿ ಯಾರ ಕಪಟವೂ ಇಲ್ಲ. ನಂಬರ್ ಇಲ್ಲದ ಎಂಜಿನ್ನು ತಪ್ಪು ಮಾಡಿದ ಎಂಜಿನ್ನಲ್ಲ. ಆದರೆ ಅಳಿದ ಜಾಗದಲ್ಲಿ ತಮಗೆ ಬೇಕಾದ ಅಕ್ಷರ ಒತ್ತಿ, ಹಣ ಜಾಸ್ತಿ ಕೇಳುವವರಿದ್ದಾರಲ್ಲ, ಅವರನ್ನು ನಾನು ಕ್ಷಮಿಸಲಾರೆ. ಅವರು ಒಬ್ಬ ಗಿರಾಕಿಗೆ ಮಾತ್ರ ಮೋಸ ಮಾಡುವುದಿಲ್ಲ. ಆ 2,610 ಇಂಜೆಕ್ಷನ್ ಕಾರುಗಳ ಲೆಕ್ಕವನ್ನೇ ಕೆಡಿಸುತ್ತಾರೆ.

1967ರ ಹೊತ್ತಿನಿಂದ ಮಾತ್ರ ಒಂದು ಅನುಕೂಲವಾಯಿತು. ಕಾರ್ಖಾನೆಯಲ್ಲಿ ಕಾರಿನ ಆಪ್ಷನ್‌ಗಳನ್ನು ಅಚ್ಚು ಹಾಕಿದ ಕಾಗದವನ್ನು ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗಕ್ಕೆ ಅಂಟಿಸುತ್ತಿದ್ದರು. ಟ್ಯಾಂಕು ಇಳಿಸಿದರೆ ಕಾರಿನ ಜಾತಕ ಕೈಗೆ ಬರುತ್ತದೆ. ತುಕ್ಕು ತಿಂದಿರುತ್ತದೆ, ಪೆಟ್ರೋಲ್ ಚೆಲ್ಲಿ ಶಾಯಿ ಹರಡಿರುತ್ತದೆ, ಆದರೂ ಒಂದೆರಡು ಸಾಲು ಉಳಿದರೆ ಸಾಕು. ನಮ್ಮ 1963ರ ಕಾರಿಗೆ ಅದೂ ಇಲ್ಲ. ಆದ್ದರಿಂದಲೇ ಝಡ್06 ಎಂದು ಹೇಳಿಕೊಳ್ಳುವ ಕಾರಿಗೆ ಮೊದಲ ಮಾಲೀಕರು ಎತ್ತಿಟ್ಟ ಬಿಲ್ಲು, ಡೀಲರ್ ಕೊಟ್ಟ ರಸೀದಿ, ಕಾರು ಹೊಸದಿದ್ದಾಗ ತೆಗೆದ ಫೋಟೋ, ಇವುಗಳಿಗೆ ಚಿನ್ನದ ಬೆಲೆ. ನಿಮ್ಮ ಮನೆಯಲ್ಲಿ ಯಾವುದಾದರೂ ಹಳೆಯ ಗಾಡಿಯಿದ್ದರೆ ಅದರ ಚೀಟಿಗಳನ್ನು ದಯವಿಟ್ಟು ರದ್ದಿಗೆ ಹಾಕಬೇಡಿ.

ಕೊನೆಗೆ ಆ ಎರಡು ಗಾಜಿನ ಮಾತು. ಹಿಂದಿನ ಪಟ್ಟಿ ಚೆನ್ನಾಗಿ ಕಾಣುತ್ತದೆ ಎಂದು ವಿನ್ಯಾಸದ ಮುಖ್ಯಸ್ಥ ಬಿಲ್ ಮಿಚೆಲ್ ಪಟ್ಟು ಹಿಡಿದಿದ್ದರು. ಹಿಂದೆ ಬರುವ ಗಾಡಿಯೇ ಕಾಣುವುದಿಲ್ಲ ಎಂದು ಡಂಟೋವ್ ವಿರೋಧಿಸಿದ್ದರು. 1964ರಲ್ಲಿ ಪಟ್ಟಿ ಹೋಗಿ ಒಂದೇ ಗಾಜು ಬಂತು. ಆಗ ಏನಾಯಿತು ಗೊತ್ತಾ? 1963ರ ಕಾರಿದ್ದ ಕೆಲವರು, ತಮ್ಮ ಕಾರು ಹಳೆಯದಾಗಿ ಕಾಣಬಾರದೆಂದು, ಆ ಪಟ್ಟಿಯನ್ನು ಗರಗಸದಿಂದ ಕೊಯ್ದು 1964ರ ಗಾಜು ಕೂರಿಸಿಕೊಂಡರು. ಇವತ್ತು ಜನ ಹುಡುಕುವುದು ಅದೇ ಪಟ್ಟಿಯನ್ನು. ಕೊಯ್ದ ಕಾರುಗಳಿಗೆ ಮತ್ತೆ ಪಟ್ಟಿ ಕೂರಿಸಿ ಬಣ್ಣ ಹೊಡೆದಿದ್ದಾರೆ. ಹೊರಗಿನಿಂದ ಗುರುತೇ ಸಿಗುವುದಿಲ್ಲ. ಒಳಗಡೆಯ ಚಾವಣಿ ಹೊದಿಕೆ ಬಿಚ್ಚಿ ಟಾರ್ಚ್ ಬಿಟ್ಟರೆ, ಫೈಬರ್‌ಗ್ಲಾಸಿನ ಮೇಲೆ ತೇಪೆಯ ಅಂಚು ಕೈಗೆ ಒರಟಾಗಿ ತಾಗುತ್ತದೆ.

ನಮಸ್ಕಾರ.