ಇಂಧನ ಒಳಗೆ, ಬೂದಿ ಹೊರಗೆ: ಪ್ಲಾಸ್ಮಾದ ಸುಳಿಗಳು ಮಾಡುವ ಕೆಲಸ

ಎಲ್ಲರಿಗೂ ನಮಸ್ಕಾರ.

ಫ್ಯೂಶನ್, ಅಂದರೆ ಹಗುರ ಪರಮಾಣು ಬೀಜಗಳು ಕೂಡಿ ಶಕ್ತಿ ಕೊಡುವ ಸಮ್ಮಿಳನ. ಅದರ ಬಗ್ಗೆ ಎಲ್ಲೇ ಮಾತು ಬಂದರೂ ಮೊದಲ ಪ್ರಶ್ನೆ ಒಂದೇ. ಎಷ್ಟು ಬಿಸಿ? 15 ಕೋಟಿ ಡಿಗ್ರಿ ಅಂದ ತಕ್ಷಣ ಹುಬ್ಬು ಮೇಲೇರುತ್ತದೆ. ಸೂರ್ಯನ ನಡುಭಾಗಕ್ಕಿಂತ 10 ಪಟ್ಟು ಬಿಸಿ. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ನಾನು ಇವತ್ತು ಅಷ್ಟಾಗಿ ಯಾರೂ ಕೇಳದ ಇನ್ನೊಂದು ಪ್ರಶ್ನೆ ಹಿಡಿದು ಬಂದಿದ್ದೇನೆ. ಆ ಬಿಸಿಯೊಳಗಿನ ಕಣಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ? ಯಾವುದು ಒಳಗೆ ಉಳಿಯುತ್ತದೆ, ಯಾವುದು ಆಚೆ ಬರುತ್ತದೆ? ಒಲೆ ಎಷ್ಟೇ ಚೆನ್ನಾಗಿ ಉರಿಯಲಿ, ಸೌದೆ ಒಳಗೆ ಹೋಗದಿದ್ದರೆ, ಬೂದಿ ಆಚೆ ಬರದಿದ್ದರೆ ಅದು ಆರಿಹೋಗುತ್ತದೆ ಅಲ್ವಾ? ಇಲ್ಲೂ ಅಷ್ಟೇ.

ಯಂತ್ರದ ಪರಿಚಯ ಬೇಗ ಮುಗಿಸುತ್ತೇನೆ. ಟೋಕಮಾಕ್ ಅಂದರೆ ಗಾಳಿ ತುಂಬಿದ ಸೈಕಲ್ ಟ್ಯೂಬಿನ ಆಕಾರದ ಲೋಹದ ಪಾತ್ರೆ. 1950ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಈಗೊರ್ ತಾಮ್ ಮತ್ತು ಆಂದ್ರೇ ಸಖಾರೊವ್ ಇದರ ಕಲ್ಪನೆ ಕೊಟ್ಟರು. ಒಳಗೆ ಗಾಳಿ ತೆಗೆದು, ತುಂಬ ತೆಳುವಾಗಿ ಹೈಡ್ರೋಜನ್ನಿನ ಭಾರದ ರೂಪಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂ ಬಿಟ್ಟು, ಪರಮಾಣುಗಳಿಂದ ಎಲೆಕ್ಟ್ರಾನ್ ಕಳಚಿ ಅಯಾನುಗಳು ಉಳಿಯುವ ‘ಪ್ಲಾಸ್ಮಾ’ ಆಗುವಷ್ಟು ಕಾಯಿಸಿ, ಕಾಂತಕ್ಷೇತ್ರದಲ್ಲಿ ಕಟ್ಟಿಹಾಕುತ್ತಾರೆ. ಎರಡೂ ಕೂಡಿದಾಗ ಹೀಲಿಯಂ ಮತ್ತು ನ್ಯೂಟ್ರಾನ್ ಹುಟ್ಟುತ್ತವೆ. ನ್ಯೂಟ್ರಾನ್‌ಗೆ ವಿದ್ಯುದಾವೇಶ ಇಲ್ಲ, ಹಾಗಾಗಿ ನೇರ ಗೋಡೆಗೆ ಹೋಗುತ್ತದೆ. ಹೀಲಿಯಂ ಮಾತ್ರ ಒಳಗೆ ಸಿಕ್ಕಿಕೊಂಡು ತನ್ನ ಶಕ್ತಿಯನ್ನು ಸುತ್ತಲಿನ ಕಣಗಳಿಗೆ ಕೊಡುತ್ತದೆ. ಕೊಟ್ಟು ಮುಗಿದ ಮೇಲೆ ಅದೇ ಬೂದಿ.

ದಕ್ಷಿಣ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಈಟರ್ ಯಂತ್ರದ ಪ್ಲಾಸ್ಮಾ ಸುಮಾರು 840 ಘನಮೀಟರ್. ಅಷ್ಟು ದೊಡ್ಡ ಜಾಗದಲ್ಲಿ ಒಂದು ಹೊತ್ತಿಗೆ ಇರುವ ಇಂಧನದ ತೂಕ ಒಂದು ಗ್ರಾಮಿಗಿಂತ ಕಮ್ಮಿ.

ಈಗ ಒಂದೇ ಒಂದು ಡ್ಯೂಟೀರಿಯಂ ಅಯಾನಿನ ಬೆನ್ನು ಹತ್ತೋಣ. ಅದು ಸೆಕೆಂಡಿಗೆ ಸುಮಾರು 1000 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಈಟರ್ ಬಳೆಯ ಒಂದು ಸುತ್ತು 39 ಮೀಟರ್. ಸೆಕೆಂಡಿಗೆ ಹತ್ತಿರ ಹತ್ತಿರ 25 ಸಾವಿರ ಸುತ್ತು ಅಂದ ಹಾಗಾಯಿತು. ಕಾಂತರೇಖೆಯ ಉದ್ದಕ್ಕೆ ಓಡಲು ಅದಕ್ಕೆ ಅಡ್ಡಿಯಿಲ್ಲ. ಅಡ್ಡಕ್ಕೆ ಹೋಗುವುದೇ ಕಷ್ಟ. ರೇಖೆಯ ಸುತ್ತ ಸುಮಾರು 3 ಮಿಲಿಮೀಟರ್ ತ್ರಿಜ್ಯದ ಪುಟ್ಟ ಸುತ್ತು ಹಾಕುತ್ತಾ ಅಲ್ಲೇ ಕಟ್ಟುಬಿದ್ದಿರುತ್ತದೆ. ನಡುಭಾಗದಿಂದ ಅಂಚಿಗೆ ಬರೀ 2 ಮೀಟರ್. ಆ 2 ಮೀಟರ್ ದಾಟಲು ಎಷ್ಟು ಹೊತ್ತು ಬೇಕು?

ಬರೀ ಡಿಕ್ಕಿಗಳಿಂದ ದಾಟುವುದಾದರೆ ಲೆಕ್ಕ ಹೀಗೆ. ಅಷ್ಟು ಬಿಸಿಯಲ್ಲಿ, ಅಷ್ಟು ತೆಳುವಾದ ಅನಿಲದಲ್ಲಿ, ಡಿಕ್ಕಿ ಸೆಕೆಂಡಿಗೆ 100ರ ಆಸುಪಾಸು. ಒಂದೊಂದು ಡಿಕ್ಕಿಗೆ 3 ಮಿಲಿಮೀಟರ್ ಹೆಜ್ಜೆ, ಅದೂ ಒಮ್ಮೆ ಆಚೆ, ಒಮ್ಮೆ ಈಚೆ. ನೇರ ನಡೆದರೆ ಸುಮಾರು 670 ಹೆಜ್ಜೆ ಸಾಕು. ದಿಕ್ಕಿಲ್ಲದೆ ಅಲೆಯುವವನಿಗೆ 670ರ ವರ್ಗದಷ್ಟು ಬೇಕು, ಅಂದರೆ ನಾಲ್ಕೂವರೆ ಲಕ್ಷದಷ್ಟು. ಸೆಕೆಂಡಿಗೆ 100ರಂತೆ ಒಂದು ಗಂಟೆಗೂ ಮೇಲಾಯಿತು. ಕಣಗಳು ನಿಜವಾಗಿ ಅಷ್ಟು ಹೊತ್ತು ಒಳಗೇ ನಿಂತಿದ್ದರೆ ಫ್ಯೂಶನ್ ಕೆಲಸ ಎಂದೋ ಮುಗಿಯುತ್ತಿತ್ತು.

ಈಟರ್‌ನಲ್ಲಿ ಶಕ್ತಿ ಒಳಗೆ ನಿಲ್ಲುವ ಕಾಲ ಎಷ್ಟೆಂದು ಅಂದಾಜು ಮಾಡಿದ್ದಾರೆ ಗೊತ್ತಾ? 3.7 ಸೆಕೆಂಡ್.

ಗಂಟೆ ಎಲ್ಲಿ, ನಾಲ್ಕು ಸೆಕೆಂಡ್ ಎಲ್ಲಿ! ಬಳೆಯ ಬಾಗಿನಿಂದಾಗಿ ಕೆಲವು ಕಣಗಳ ದಾರಿ ಬಾಳೆಹಣ್ಣಿನ ಆಕಾರ ಪಡೆಯುತ್ತದೆ, ಆಗ ಹೆಜ್ಜೆ ಹಲವು ಪಟ್ಟು ದೊಡ್ಡದಾಗುತ್ತದೆ. 1968ರಲ್ಲಿ ಸೋವಿಯತ್ ವಿಜ್ಞಾನಿಗಳಾದ ಗಲೇವ್ ಮತ್ತು ಸಗ್ದೇವ್ ಅದನ್ನೂ ಲೆಕ್ಕ ಹಾಕಿ ತೋರಿಸಿದರು. ಆದರೂ ಅಳತೆಯಲ್ಲಿ ಕಂಡ ಸೋರಿಕೆಗೆ ಅದು ಸಾಲಲಿಲ್ಲ. ಎಷ್ಟೋ ವರ್ಷ ಈ ಹೆಚ್ಚುವರಿ ಸೋರಿಕೆಗೆ ‘ಅಸಹಜ’ ಅಂತಲೇ ಹೆಸರಿಟ್ಟಿದ್ದರು. ನನಗೆ ಆ ಹೆಸರು ಇಷ್ಟವಿಲ್ಲ. ಎಲ್ಲ ಯಂತ್ರದಲ್ಲೂ, ಎಲ್ಲ ಕಾಲದಲ್ಲೂ ನಡೆಯುವುದು ಅಸಹಜ ಹೇಗಾದೀತು?

ಕಾರಣ ಸುಳಿಗಳು. ಟರ್ಬ್ಯುಲೆನ್ಸ್. ಲೆಕ್ಕ ಮತ್ತೆ ಮಾಡೋಣ. ಒಂದು ಸುಳಿಯ ಅಗಲ ಒಂದು ಸೆಂಟಿಮೀಟರ್ ಅಂದುಕೊಳ್ಳಿ. ಅದರ ಆಯುಸ್ಸು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗ. ಕಣ ಆ ಸುಳಿ ಹತ್ತಿ ಒಂದು ಸೆಂಟಿಮೀಟರ್ ಸರಿಯುತ್ತದೆ, ಸುಳಿ ಸಾಯುತ್ತದೆ, ಇನ್ನೊಂದು ಹತ್ತುತ್ತದೆ. 2 ಮೀಟರ್ ಅಂದರೆ 200 ಹೆಜ್ಜೆ, ಅಲೆದಾಟಕ್ಕೆ 200ರ ವರ್ಗ, 40 ಸಾವಿರ. ಹತ್ತು ಸಾವಿರಕ್ಕೆ ಒಂದು ಸೆಕೆಂಡ್. 4 ಸೆಕೆಂಡ್! ಮೊದಲ ಸಲ ಈ ಲೆಕ್ಕವನ್ನು ಒಂದು ಹಳೆಯ ಲಕೋಟೆಯ ಹಿಂದೆ ಬರೆದು ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಅಷ್ಟು ದೊಡ್ಡ ಯಂತ್ರದ ಹಣೆಬರಹ ಒಂದು ಸೆಂಟಿಮೀಟರಿನ ಸುಳಿಯ ಕೈಯಲ್ಲಿದೆ.

ಸುಳಿ ಏಳುವುದು ಯಾಕೆ? ನಡುವೆ 15 ಕೋಟಿ ಡಿಗ್ರಿ, 2 ಮೀಟರ್ ಆಚೆ ಲೋಹದ ಗೋಡೆ. ಇಷ್ಟು ಕಡಿದಾದ ಇಳಿಜಾರು ಸುಮ್ನೆ ಕೂರುವುದಿಲ್ಲ. ನೀರಿನ ಪಾತ್ರೆಯನ್ನು ಒಲೆಯ ಮೇಲಿಡಿ. ತಳ ಸ್ವಲ್ಪ ಬಿಸಿಯಾಗುವವರೆಗೂ ನೀರು ಅಲುಗಾಡದು. ಒಂದು ಹಂತ ದಾಟಿದ ತಕ್ಷಣ ಒಳಗೊಳಗೇ ಮಗುಚಲು ಶುರುವಾಗುತ್ತದೆ. ಪ್ಲಾಸ್ಮಾದಲ್ಲೂ ತಾಪದ ಇಳಿಜಾರು ಒಂದು ಮಿತಿ ದಾಟಿದರೆ ಕಣಗಳ ಹಂಚಿಕೆಯಲ್ಲಿ ಪುಟ್ಟ ಉಬ್ಬುತಗ್ಗು ಏಳುತ್ತದೆ. ಧನ, ಋಣ ಆವೇಶಗಳು ಕೂದಲೆಳೆಯಷ್ಟು ಬೇರೆಯಾಗುತ್ತವೆ. ಅಲ್ಲೊಂದು ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರ ಎರಡೂ ಇದ್ದಲ್ಲಿ ಕಣ ಎರಡಕ್ಕೂ ಅಡ್ಡವಾಗಿ ಜಾರುತ್ತದೆ. ಆ ಜಾರುವಿಕೆ ಬಿಸಿಯನ್ನು ಹೊರಗೆ, ತಂಪನ್ನು ಒಳಗೆ ತರುತ್ತದೆ, ಮೊದಲಿನ ಉಬ್ಬು ಇನ್ನೂ ದೊಡ್ಡದಾಗುತ್ತದೆ. ಜಾಸ್ತಿ ಕಾಯಿಸಿದರೆ ಸುಳಿಯೂ ಜಾಸ್ತಿ. ಹಾಕಿದ ಶಕ್ತಿಯಲ್ಲಿ ದೊಡ್ಡ ಪಾಲು ಸೋರಿಕೆಗೇ ಹೋಗುತ್ತದೆ.

ಇದೇ ಹತಾಶೆಯ ನಡುವೆ 1982ರಲ್ಲಿ ಜರ್ಮನಿಯ ಗಾರ್ಖಿಂಗ್‌ನಲ್ಲಿ ಒಂದು ಘಟನೆ ನಡೆಯಿತು. ಆಸ್ಡೆಕ್ಸ್ ಟೋಕಮಾಕ್‌ನಲ್ಲಿ ಫ್ರಿಟ್ಸ್ ವಾಗ್ನರ್ ಪ್ರಯೋಗ ನಡೆಸುತ್ತಿದ್ದರು. ಒಂದು ಹಂತದಲ್ಲಿ ಅಂಚಿನ ಹೈಡ್ರೋಜನ್ ಬೆಳಕು ಇದ್ದಕ್ಕಿದ್ದಂತೆ ಕುಸಿಯಿತು. ಅದೇ ಗಳಿಗೆಯಿಂದ ಒಳಗಿನ ಸಾಂದ್ರತೆ ಏರತೊಡಗಿತು. ಆಚೆಯಿಂದ ಯಾರೂ ಅನಿಲ ಜಾಸ್ತಿ ಬಿಟ್ಟಿರಲಿಲ್ಲ. ಗಮನಿಸಿ, ಮೊದಲ ಸುಳಿವು ಕೊಟ್ಟವು ಕಣಗಳು. ಹೊರಗೆ ಬರುವುದು ಕಮ್ಮಿಯಾಯಿತು, ಹಾಗಾಗಿ ಬೆಳಕೂ ಕಮ್ಮಿಯಾಯಿತು. ಶಕ್ತಿ ನಿಲ್ಲುವ ಕಾಲ ಹೆಚ್ಚುಕಮ್ಮಿ ಎರಡು ಪಟ್ಟಾಯಿತು. ಇದಕ್ಕೆ ‘ಎಚ್-ಮೋಡ್’, ಅಂದರೆ ಹೆಚ್ಚು ತಡೆದಿಡುವ ಸ್ಥಿತಿ, ಅಂತ ಹೆಸರು ಬಂತು.

ಆಗಿದ್ದೇನೆಂದರೆ, ಅಂಚಿನ ಕೆಲವೇ ಸೆಂಟಿಮೀಟರ್ ಪದರದಲ್ಲಿ ಅಕ್ಕಪಕ್ಕದ ಹರಿವುಗಳ ವೇಗ ಬೇರೆಬೇರೆಯಾಯಿತು. ಎರಡು ಹರಿವಿನ ನಡುವೆ ಸಿಕ್ಕ ಸುಳಿ ಎಳೆದಾಡಿ ಹರಿದುಹೋಗುತ್ತದೆ. ಇಂಥ ಹರಿವನ್ನು ಸುಳಿಗಳು ತಾವೇ ಹುಟ್ಟಿಸಿಕೊಳ್ಳುವುದೂ ಉಂಟು. ಗುರು ಗ್ರಹದ ಮೈಮೇಲಿನ ಪಟ್ಟಿಗಳನ್ನು ಚಿತ್ರದಲ್ಲಿ ನೋಡಿದ್ದೀರಿ. ಗಣಿತದಲ್ಲಿ ಅವು ಇವಕ್ಕೆ ಹತ್ತಿರದ ನೆಂಟರು. ಪ್ಲಾಸ್ಮಾದ ಸುಳಿಗಳನ್ನು ವಿವರಿಸುವ 1978ರ ಹಸೆಗಾವಾ–ಮಿಮಾ ಸಮೀಕರಣಕ್ಕೂ ಗ್ರಹಗಳ ವಾತಾವರಣದ ಅಲೆಗಳ ಸಮೀಕರಣಕ್ಕೂ ಒಂದೇ ರೂಪ.

ಇಲ್ಲಿಗೆ ನಿಲ್ಲಿಸಿದರೆ ಸುಳಿಯೇ ಖಳನಾಯಕ ಅನ್ನಿಸಿಬಿಡುತ್ತದೆ. ನನಗೆ ಮುಖ್ಯವಾದ ಮಾತು ಶುರುವಾಗುವುದೇ ಈಗ.

ಅನಿಲವನ್ನು ನಾವು ಅಂಚಿನಲ್ಲಿ ಬಿಡುತ್ತೇವೆ. ನಡುವೆ ಕಣ ಸುರಿಯುವವರು ಯಾರೂ ಇಲ್ಲ. ಸುಮ್ನೆ ಹರಡುವುದಷ್ಟೇ ನಡೆದರೆ ಕೊನೆಗೆ ಸಾಂದ್ರತೆ ಎಲ್ಲೆಡೆ ಒಂದೇ ಮಟ್ಟಕ್ಕೆ ಬರಬೇಕು. ಅಳೆದು ನೋಡಿದರೆ ನಡುವೆಯೇ ಜಾಸ್ತಿ. ಏನೋ ಒಂದು ಕಣಗಳನ್ನು ಒಳಕ್ಕೆ ಎಳೆಯುತ್ತಿದೆ. 1970ರಲ್ಲಿ ವೇರ್ ಎಂಬ ಭೌತವಿಜ್ಞಾನಿ ಒಂದು ಉತ್ತರ ಕೊಟ್ಟರು. ಪ್ಲಾಸ್ಮಾದಲ್ಲಿ ಕರೆಂಟ್ ಹರಿಸುವ ವಿದ್ಯುತ್ ಕ್ಷೇತ್ರವೇ ಬಾಳೆಹಣ್ಣಿನ ದಾರಿಯ ಕಣಗಳನ್ನು ಮೆಲ್ಲಗೆ ಒಳಕ್ಕೆ ತಳ್ಳುತ್ತದೆ ಅಂತ. ಸರಿ, ಆ ಕ್ಷೇತ್ರವನ್ನೇ ತೆಗೆದರೆ? ಫ್ರಾನ್ಸಿನ ಟೋರ್ ಸುಪ್ರಾ ಟೋಕಮಾಕ್‌ನಲ್ಲಿ ಹಾಗೇ ಮಾಡಿದರು. ಕರೆಂಟನ್ನು ಪೂರ್ತಿ ರೇಡಿಯೋ ಅಲೆಗಳಿಂದ ಹರಿಸಿ ನಿಮಿಷಗಟ್ಟಲೆ ನಡೆಸಿದರು. ಆಗಲೂ ನಡುವೆಯೇ ಸಾಂದ್ರತೆ ಜಾಸ್ತಿ. 2003ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಹಾಗಾದರೆ ಎಳೆಯುತ್ತಿರುವುದು ಸುಳಿಗಳೇ.

ಕಲಕುವ ಸುಳಿ ಒಂದೆಡೆ ಗುಡ್ಡೆ ಹಾಕುತ್ತದೆಂದರೆ ನಂಬಲು ಕಷ್ಟ. ಒಂದು ಉಪಾಯದಿಂದ ಯೋಚಿಸಿ. ಒಳಗೆ ಚಿಕ್ಕ ಕೋಣೆಗಳು, ಹೊರಗೆ ದೊಡ್ಡ ಕೋಣೆಗಳು. ಜನರನ್ನು ಚೆನ್ನಾಗಿ ಕಲಸಿ, ಕೋಣೆಗೆ ಇಷ್ಟು ಜನ ಅಂತ ಸಮನಾಗಿ ಹಂಚಿ. ಲೆಕ್ಕ ಸಮ. ಆದರೆ ಚಿಕ್ಕ ಕೋಣೆಯಲ್ಲಿ ನೂಕುನುಗ್ಗಲು. ಪ್ಲಾಸ್ಮಾದಲ್ಲಿ ಕೋಣೆ ಅಂದರೆ ಕಾಂತರೇಖೆಗಳ ಒಂದು ಕಟ್ಟು, ಒಂದು ಕೊಳವೆ. ಕಾಂತಕ್ಷೇತ್ರ ಬಲವಾಗಿರುವಲ್ಲಿ ಕೊಳವೆ ಸಣ್ಣದು, ದುರ್ಬಲವಾದಲ್ಲಿ ದೊಡ್ಡದು. ಸುಳಿ ಸಮ ಮಾಡುವುದು ಕೊಳವೆಗೆ ಎಷ್ಟು ಕಣ ಅನ್ನುವುದನ್ನು. ಹಾಗಾಗಿ ಸಣ್ಣ ಕೊಳವೆಯಲ್ಲಿ ದಟ್ಟಣೆ. ನಮ್ಮ ತಲೆಯ ಮೇಲಿನ ಗಾಳಿಯೂ ಹಾಗೇ ತಾನೇ? ಗಾಳಿ ಮೇಲೆ ಕೆಳಗೆ ಎಷ್ಟು ಮಗುಚಿದರೂ ತಾಪ ಒಂದೇ ಆಗುವುದಿಲ್ಲ. ಒಣ ಗಾಳಿಯಲ್ಲಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ಇಳಿಯುತ್ತಲೇ ಇರುತ್ತದೆ.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಅಮೆರಿಕದ ಎಂಐಟಿಯಲ್ಲಿದ್ದ ಎಲ್‌ಡಿಎಕ್ಸ್ ಪ್ರಯೋಗ. ಕಾಂತಕ್ಷೇತ್ರ ಹುಟ್ಟಿಸುವ, ಅರ್ಧ ಟನ್‌ಗೂ ಮೀರಿದ ಸೂಪರ್‌ಕಂಡಕ್ಟರ್ ಉಂಗುರವನ್ನು ಪಾತ್ರೆಯ ನಡುವೆ ಗಾಳಿಯೂ ಇಲ್ಲದ ಜಾಗದಲ್ಲಿ ತೇಲಿಸಿದರು. ಕಂಬಿಗಳ ಆಸರೆಯಿದ್ದಾಗ ಕಣಗಳು ಕಾಂತರೇಖೆಯುದ್ದಕ್ಕೂ ಹೋಗಿ ಕಂಬಿಗೆ ಬಡಿದು ಕಳೆದುಹೋಗುತ್ತಿದ್ದವು. ತೇಲಿಸಿದ ಮೇಲೆ ಆ ನಷ್ಟ ನಿಂತಿತು, ಸುಳಿಗಳ ಕೆಲಸ ಮಾತ್ರ ಉಳಿಯಿತು. ಸಾಂದ್ರತೆ ಒಳಗೆ ಗುಡ್ಡೆಯಾಯಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಜರ್ಮನಿಯ ವೆಂಡೆಲ್‌ಸ್ಟೈನ್ 7-ಎಕ್ಸ್ ಎಂಬ ಫ್ಯೂಶನ್ ಯಂತ್ರದ ಕಾಂತ ಸುರುಳಿಗಳನ್ನು ಡಿಕ್ಕಿಗಳ ಸೋರಿಕೆ ತಗ್ಗುವಂತೆ ತಿರುಚಿ ಕಟ್ಟಿದ್ದಾರೆ. ಆ ಸೋರಿಕೆ ನಿಜಕ್ಕೂ ತಗ್ಗಿತು. ಆಗ ಉಳಿದದ್ದು ಸುಳಿಗಳ ಸೋರಿಕೆ. ಅಂಚಿನಿಂದ ಅನಿಲ ಬಿಟ್ಟು ಎಷ್ಟು ಕಾಯಿಸಿದರೂ ಅಯಾನುಗಳ ತಾಪ ಒಂದು ಮಟ್ಟದಲ್ಲಿ ಅಂಟಿಕೊಂಡಿತು. ಆದರೆ ಹೈಡ್ರೋಜನ್ನಿನ ಹೆಪ್ಪುಗಟ್ಟಿದ ಗುಂಡುಗಳನ್ನು ಹಾರಿಸಿ ನಡುವೆ ಸಾಂದ್ರತೆ ಏರಿಸಿದಾಗ ಸುಳಿಗಳು ತಣ್ಣಗಾದವು, ತಾಪ ಮೇಲೇರಿತು. ತಾಪದ ಇಳಿಜಾರು ಎಬ್ಬಿಸುವ ಸುಳಿಗಳಿಗೆ ಕಣಗಳ ಇಳಿಜಾರು ಕಡಿವಾಣ ಹಾಕಿತು. ಕಣಗಳ ಲೆಕ್ಕವನ್ನು ಆಮೇಲೆ ನೋಡಿಕೊಂಡರಾಯಿತು ಅನ್ನುವವರಿಗೆ ನಾನು ಮೊದಲು ತೋರಿಸುವುದು ಈ ಗುಂಡುಗಳನ್ನು.

ಎಲ್ಲ ಕಣಗಳೂ ಬೇಕಾದವಲ್ಲ. ಗೋಡೆಯ ಟಂಗ್‌ಸ್ಟನ್ ಇದೆ. 3422 ಡಿಗ್ರಿಯವರೆಗೆ ಕರಗದ ಲೋಹ. ಗೋಡೆಯಾಗಿ ಅದಕ್ಕಿಂತ ಗಟ್ಟಿಗ ಇಲ್ಲ, ಆದರೆ ಒಳಗೆ ನುಸುಳಿದರೆ ಕೆಟ್ಟದ್ದು. ಅದರ 74 ಎಲೆಕ್ಟ್ರಾನುಗಳಲ್ಲಿ ಹಲವು ಅಷ್ಟು ಬಿಸಿಯಲ್ಲೂ ಬಿಟ್ಟುಹೋಗುವುದಿಲ್ಲ. ಅವು ಬೆಳಕು ಸೂಸಿ ಶಕ್ತಿಯನ್ನು ಚೆಲ್ಲುತ್ತವೆ. ಲಕ್ಷ ಕಣಕ್ಕೆ ಕೆಲವೇ ಕೆಲವು ಟಂಗ್‌ಸ್ಟನ್ ಇದ್ದರೂ ಜಾಸ್ತಿಯೇ. 1970ರ ದಶಕದಲ್ಲಿ ಪ್ರಿನ್ಸ್‌ಟನ್‌ನ ಪಿಎಲ್‌ಟಿ ಯಂತ್ರದಲ್ಲಿ ಇದರಿಂದ ನಡುಭಾಗವೇ ಸುತ್ತಲಿಗಿಂತ ತಂಪಾಗಿತ್ತು.

ಇಂಥ ಭಾರದ ಕಣಗಳನ್ನು ಒಳಕ್ಕೆ ಎಳೆಯುವುದು ಹೆಚ್ಚಾಗಿ ಡಿಕ್ಕಿಗಳು. ಹೊರಗೆ ಚದುರಿಸುವುದು ಸುಳಿಗಳು! ಸುಳಿ ಪೂರ್ತಿ ಸತ್ತರೆ ಟಂಗ್‌ಸ್ಟನ್ ನಡುವೆ ಹೋಗಿ ಕೂರುತ್ತದೆ. ಬ್ರಿಟನ್ನಿನ ಜೆಟ್ ಯಂತ್ರಕ್ಕೆ 2011ರಲ್ಲಿ ಲೋಹದ ಒಳಗೋಡೆ ಹಾಕಿದ ಮೇಲೆ ಇದೇ ತೊಂದರೆ ಎದುರಾಯಿತು. ರೇಡಿಯೋ ಅಲೆಗಳಿಂದ ನಡುಭಾಗವನ್ನೇ ಕಾಯಿಸಿ ಅದನ್ನು ಹೊರಗಟ್ಟಲು ಕಲಿತರು. ಎಚ್-ಮೋಡ್‌ನಲ್ಲೂ ಹಾಗೇ. ಅಂಚಿನ ತಡೆ ತೀರಾ ಭದ್ರವಾದರೆ ಕೊಳೆ ಒಳಗೇ ತುಂಬಿಕೊಳ್ಳುತ್ತದೆ.

ಅಂಚಿನಲ್ಲಿ ಏನಾಗುತ್ತದೆಂದು ಹೈ-ಸ್ಪೀಡ್ ಕ್ಯಾಮೆರಾದಲ್ಲಿ ತೆಗೆದ ವಿಡಿಯೋಗಳಿವೆ. ಸಮಯ ಸಿಕ್ಕರೆ ದಯವಿಟ್ಟು ನೋಡಿ. ಹರಿವು ಒಂದೇ ಸಮನೆ ಇರುವುದಿಲ್ಲ. ಮಸುಕು ಬೆಳಕಿನಲ್ಲಿ ಸೆಂಟಿಮೀಟರ್ ಗಾತ್ರದ ಪ್ಲಾಸ್ಮಾದ ಒಂದು ಉಂಡೆ ಕಿತ್ತುಕೊಂಡು ಗೋಡೆಯ ಕಡೆ ಓಡುತ್ತದೆ. ಒಂದು ಗಳಿಗೆ ಏನಿಲ್ಲ. ಮತ್ತೊಂದು ಉಂಡೆ. ಅಂಚಿನಾಚೆ ಕಣಗಳ ಸಾಗಾಟದಲ್ಲಿ ದೊಡ್ಡ ಪಾಲು ಈ ಉಂಡೆಗಳದ್ದು. ನಾನು ಎಷ್ಟು ಸಲ ನೋಡಿದರೂ ಮತ್ತೆ ಮೊದಲಿಂದ ಹಾಕಿಸಿಕೊಂಡು ನೋಡುತ್ತೇನೆ.

ಕೊನೆಗೆ ಬೂದಿಯ ಮಾತು. ಒಂದೊಂದು ಸಮ್ಮಿಳನಕ್ಕೂ ಒಂದೊಂದು ಹೀಲಿಯಂ ಒಳಗೆ ಹುಟ್ಟುತ್ತದೆ. ಅದು ಉಳಿದರೆ ಇಂಧನದ ಜಾಗ ತಿನ್ನುತ್ತದೆ. ಅದು ಹುಟ್ಟುವುದು ನಡುವೆ, ಹೋಗಬೇಕಾದ್ದು ಅಂಚಿನ ಪಂಪಿಗೆ. ಅದೇ 2 ಮೀಟರ್, ಅದೇ ಸುಳಿಗಳು. ಹೀಲಿಯಂ ಯಂತ್ರದೊಳಗೆ ಉಳಿಯುವ ಕಾಲ, ಶಕ್ತಿ ನಿಲ್ಲುವ ಕಾಲಕ್ಕಿಂತ 10 ಪಟ್ಟಿನ ಆಸುಪಾಸು ಮೀರಿದರೆ ಉರಿ ತನ್ನಷ್ಟಕ್ಕೆ ನಿಲ್ಲದು. ಶಕ್ತಿಯನ್ನು ತಡೆದಿಟ್ಟು ಹೀಲಿಯಂನ್ನು ಬಿಟ್ಟುಕೊಡುವ ಸುಳಿ ಬೇಕು ನಮಗೆ. ಈಗ ನಡೆಯುವ ದೊಡ್ಡ ದೊಡ್ಡ ಸೂಪರ್‌ಕಂಪ್ಯೂಟರ್ ಲೆಕ್ಕಗಳಲ್ಲಿ ಎಷ್ಟೋ ಅದನ್ನೇ ಹುಡುಕುತ್ತಿವೆ. ಹೊರಗಿಂದ ಕಾಯಿಸಿದ ಪ್ಲಾಸ್ಮಾಗಳಿಗೆ ಆ ಲೆಕ್ಕ ಹೋಲಿಸಿ ನೋಡಿದ್ದಾಗಿದೆ. ತನ್ನದೇ ಹೀಲಿಯಂನಿಂದ ಕಾದು, ಅದೇ ಹೀಲಿಯಂನ್ನು ನಿಮಿಷಗಟ್ಟಲೆ ಹೊರಹಾಕುವ ಪ್ಲಾಸ್ಮಾ ಇನ್ನೂ ಯಾವ ಯಂತ್ರದಲ್ಲೂ ಉರಿದಿಲ್ಲ.

ಇಲ್ಲಿಗೆ ನನ್ನ ಮಾತು ಮುಗಿಯಿತು. ಪ್ರಶ್ನೆಗಳಿದ್ದರೆ ಕೇಳಿ.